ಒಂದು ದಿನದ ರೈತರು

"ದೊಡ್ಡಮ್ಮ, ಬಸ್ಸು ಆಗ್ಲೇ ಸೇತುವೆ ದಾಟಿದೆಯಂತೆ. ನೀವು ನೋಡಿದ್ರೆ ಇನ್ನೂ ಒಂದು ಸಸೀನೂ ಕಿತ್ತಿಲ್ಲ!" ಖಾಂಗ್ ಬದುವಿನ ಮೇಲೆ ನಿಂತು, ಬಿಳಿ ಬೂಟಿಗೆ ಕೆಸರು ತಾಗದ ಹಾಗೆ ಒಂದು ಕಾಲನ್ನು ಎತ್ತಿಕೊಂಡೇ ಹೇಳಿದ.

"ಕೀಳಲ್ಲ," ಅಂದಳು ಥೋವಾ. ಗದ್ದೆಯ ನೀರಿಗೆ ಕಾಲು ಇಳಿಬಿಟ್ಟು ಕೂತು, ಎಲೆಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

ಖಾಂಗ್ ಹೋಯಿ ಆನ್ ಪೇಟೆಯ ಹುಡುಗ. 'ಒಂದು ದಿನದ ರೈತ' ಅನ್ನುವ ಪ್ರವಾಸವನ್ನು ನಡೆಸುವವನು ಅವನೇ. ದಿನಾ ಬೆಳಿಗ್ಗೆ ಪರದೇಶದವರನ್ನು ಬಸ್ಸಿನಲ್ಲಿ ತುಂಬಿ ಕರೆಸುತ್ತಾನೆ. ಅವರು ಎಮ್ಮೆ ಹತ್ತಿ, ಕೆಸರಿಗಿಳಿದು, ಥೋವಾಳ ಗದ್ದೆಯಲ್ಲಿ ನಾಟಿ ಮಾಡಿ, ಫೋಟೋ ತೆಗೆಸಿಕೊಂಡು ಊಟಕ್ಕೆ ಹೋಗುತ್ತಾರೆ. ಅವರು ಅತ್ತ ಹೋದರೆ, ಪ್ರವಾಸದ ಕಂಪನಿ ಕೊಡುವ ದುಡ್ಡಿಗಾಗಿ ಥೋವಾ ಇತ್ತ ಅಷ್ಟೂ ಸಸಿಯನ್ನು ಕಿತ್ತು, ತೊಳೆದು, ಕಂತೆ ಕಟ್ಟಿ, ಮಾರನೆಯ ದಿನದ ರೈತರಿಗೆಂದು ನೀರಲ್ಲಿ ಇಡಬೇಕು. ಎರಡು ವರ್ಷದಿಂದ ದಿನಾ ನಾಟಿ ಕಂಡ ಆ ಗದ್ದೆ ಒಂದು ಹಿಡಿ ಭತ್ತ ಕಂಡಿರಲಿಲ್ಲ. ಹೋದ ಸಲ ಹೊಸವರ್ಷದ ತೆತ್ ಹಬ್ಬಕ್ಕೆ, ತೀರಿಕೊಂಡಿದ್ದ ಗಂಡನ ಫೋಟೋದ ಮುಂದೆ ಅಂಗಡಿ ಅಕ್ಕಿಯ ಅನ್ನ ಇಡುವಾಗ ಥೋವಾಳಿಗೆ ಅವನ ಮುಖ ನೋಡುವುದಕ್ಕೂ ನಾಚಿಕೆಯಾಗಿತ್ತು. ಬೋರೆಯಾಗಿದ್ದ ಆ ನೆಲವನ್ನು ಗುದ್ದಲಿ ಹಿಡಿದು ಗದ್ದೆ ಮಾಡಿದವನು ಅವನು.

ಈ ಸಲ ಸೇತುವೆ ರಿಪೇರಿ ಅಂತ ಒಂಬತ್ತು ದಿನ ಬಸ್ಸು ಬರಲಿಲ್ಲ. ಕೊನೆಯ ದಿನ ಯಾರೋ ನೆಟ್ಟುಹೋದದ್ದನ್ನು ಕೀಳುವ ಅವಸರವೂ ಇರಲಿಲ್ಲ. ಸಾಲೆಲ್ಲ ಸೊಟ್ಟಸೊಟ್ಟ, ನಿಜ. ಆದರೆ ಸಸಿಗಳು ಬೇರು ಹಿಡಿದು, ಹೊಸ ಎಲೆ ಬಿಟ್ಟು, ಹಸಿರಾಗಿ ನಿಂತುಬಿಟ್ಟಿದ್ದವು. ಮೂರು ದಿನದಿಂದ ಥೋವಾ ಬೆಳಗಾಗುತ್ತಲೇ ಬಂದು ಅವನ್ನೇ ನೋಡುತ್ತಿದ್ದಳು. ಇವು ಕಟಾವಿನವರೆಗೆ ನಿಲ್ಲಬೇಕು ಅಂತ ಅವಳ ಮನಸ್ಸು ಹಟ ಹಿಡಿದಿತ್ತು.

"ಗದ್ದೆ ಖಾಲಿ ಮಾಡ್ದಿದ್ರೆ ನಾಳೆಯಿಂದ ಪಕ್ಕದ ಲಾಯಿ ಚಿಕ್ಕಮ್ಮನ ಗದ್ದೆಗೆ ಹೋಗ್ತೀವಿ. ಆಮೇಲೆ ನನ್ನ ಬಯ್ಕೋಬೇಡಿ," ಅಂದ ಖಾಂಗ್.

"ಹೋಗಪ್ಪ, ಯಾರು ಬೇಡ ಅಂದ್ರು? ಅದು ನಾಳೆ ಮಾತು."

"ಸಸಿ ನಮ್ಮ ಕಂಪನೀದು ದೊಡ್ಡಮ್ಮ. ಕಾಗದದಲ್ಲೇ ಇದೆ."

"ಹಂಗಾದ್ರೆ ಆ ಕಾಗದಾನೇ ತಂದು ನೆಡು. ಚಿಗುರತ್ತೋ ನೋಡೋಣ."

ಪಕ್ಕದ ಗದ್ದೆಯಲ್ಲಿ ಬದು ಕಡಿಯುತ್ತಿದ್ದ ಲಾಯಿ ಗುದ್ದಲಿ ಊರಿ ನಿಂತು ಕಿಸಕ್ಕನೆ ನಕ್ಕಳು. ಖಾಂಗ್‌ಗೆ ರೇಗಿಹೋಯಿತು. ಬೂಟು ಕಳಚಿ, ಪ್ಯಾಂಟು ಮಡಚಿ, ತಾನೇ ಗದ್ದೆಗಿಳಿದ. ಮೊದಲನೇ ಸಸಿಯನ್ನು ಜಗ್ಗಿದ ರಭಸಕ್ಕೆ ಅದು ಬಂತು, ಅವನೂ ಹಿಂದಕ್ಕೆ ಬಂದು ಕೆಸರಲ್ಲಿ ಕುಕ್ಕರುಬಡಿದ. ಎದ್ದು, ಹಲ್ಲು ಕಚ್ಚಿಕೊಂಡು, ಕಿತ್ತು ಕಿತ್ತು ಹಿಂದಕ್ಕೆ ಎಸೆಯತೊಡಗಿದ.

ಥೋವಾ ಟೋಪಿಯ ದಾರ ಗದ್ದಕ್ಕೆ ಬಿಗಿದು ಎದ್ದಳು. ಅವನು ಎಸೆದ ಸಸಿಗಳನ್ನು ಒಂದೊಂದಾಗಿ ಎತ್ತಿಕೊಂಡು, ಅವನ ಬೆನ್ನ ಹಿಂದೆಯೇ, ಅದೇ ಜಾಗದಲ್ಲಿ ಮತ್ತೆ ನೆಡುತ್ತಾ ಬಂದಳು. ಅವನ ಸೊಂಟಕ್ಕೆ ಇಪ್ಪತ್ತೆಂಟು ವರ್ಷ, ಇವಳದಕ್ಕೆ ಅರವತ್ತೆರಡು. ಬಗ್ಗಿ ಪಳಗಿದ್ದು ಇವಳದು.

"ಏನ್ಮಾಡ್ತಿದ್ದೀರಿ ನೀವು?" ಖಾಂಗ್ ತಿರುಗಿ ನೋಡಿ ಕೇಳಿದ.

"ನಾಟಿ. ನೀನು ನಿನ್ನ ಕೆಲಸ ನೋಡ್ಕೋ."

ಖಾಂಗ್ ಹಟಕ್ಕೆ ಬಿದ್ದು ಮತ್ತೆ ಮುಂದಕ್ಕೆ ತಿರುಗಿ ಕೀಳತೊಡಗಿದ. ಅಷ್ಟರಲ್ಲಿ ಬಸ್ಸು ಬಂದು ನಿಂತಿತು. ಹೊಸ ಎಲೆಟೋಪಿ ಹಾಕಿಕೊಂಡ ಹದಿನೆಂಟು ಜನ ಇಳಿದರು. ಮುಂದೆ ಒಬ್ಬ ಹುಡುಗ ಕೀಳುತ್ತಿದ್ದಾನೆ, ಹಿಂದೆ ಒಬ್ಬ ಮುದುಕಿ ನೆಡುತ್ತಿದ್ದಾಳೆ. ಈ ಕಡೆ ನಾಟಿ ಮಾಡುವ ಕ್ರಮವೇ ಇದು ಅಂದುಕೊಂಡರು, ಪಾಪ. ಹಾಗಲ್ಲ ಅಂತ ಹೇಳಬೇಕಾದವನು ಮೊಣಕಾಲುದ್ದ ಕೆಸರಲ್ಲಿ ಬೆನ್ನು ಹಾಕಿಕೊಂಡಿದ್ದ. ಒಬ್ಬೊಬ್ಬರಾಗಿ ಗದ್ದೆಗಿಳಿದು, ಥೋವಾಳ ಅಕ್ಕಪಕ್ಕ ಸಾಲಾಗಿ ನಿಂತು, ತೇಲುತ್ತಿದ್ದ ಸಸಿಗಳನ್ನು ಹೆಕ್ಕಿ ನೆಡತೊಡಗಿದರು. ಲಾಯಿ ಗುದ್ದಲಿ ಬಿಸಾಕಿ ಬಂದು, ಹೆಬ್ಬೆರಳಿಂದ ಬುಡ ಒತ್ತುವುದು ಹೇಗೆ ಅಂತ ಅವರ ಕೈ ಹಿಡಿದು ತೋರಿಸಿದಳು.

ಖಾಂಗ್ ಆಚೆ ಬದು ಮುಟ್ಟಿ, ಉಸ್ಸಪ್ಪಾ ಅಂತ ನೆಟ್ಟಗಾಗಿ ತಿರುಗಿದ. ಗದ್ದೆ ತುಂಬಾ ಪೈರು ಹಾಗೇ ನಿಂತಿತ್ತು, ಮೊದಲಿಗಿಂತ ಸ್ವಲ್ಪ ಸೊಟ್ಟಗೆ. ಅವನ ಕೈಯಲ್ಲಿ ಕೊನೆಯ ಒಂದು ಹಿಡಿ ಸಸಿ ಉಳಿದಿತ್ತು.

ಬಿಸಿಲಿಗೆ ಮೂಗು ಕೆಂಪಾಗಿದ್ದ ಒಬ್ಬ ಹೆಂಗಸು ಆ ಹಿಡಿಯ ಕಡೆ ಬೆರಳು ಮಾಡಿ, ಅವನನ್ನು ಏನೋ ಕೇಳಿದಳು. ಉಳಿದವರೂ ಕೈ ನಿಲ್ಲಿಸಿ, ಕಲಿಯುವ ಮಕ್ಕಳ ಹಾಗೆ ಅವನನ್ನೇ ನೋಡಿದರು.

"ಏನಂತೆ?" ಅಂದಳು ಥೋವಾ.

"ಏನಿಲ್ಲ ದೊಡ್ಡಮ್ಮ," ಅವನ ದನಿ ಇಳಿದಿತ್ತು. "ಬೆಳೀತಿರೋದನ್ನ ಯಾಕೆ ಕೀಳ್ತೀರಿ ಅಂತ ಕೇಳ್ತಿದ್ದಾರೆ."

ಥೋವಾ ಕೆಸರುಗೈಯನ್ನು ಸೊಂಟದ ಮೇಲಿಟ್ಟು ನೆಟ್ಟಗೆ ನಿಂತಳು.

"ಹೇಳು ಮತ್ತೆ. ಕಲೀಬೇಕು ಅಂತ ತಾನೇ ಅಷ್ಟು ದೂರದಿಂದ ಬಂದಿರೋದು."