ರೆಕ್ಕೆಯ ಮೇಲಿನ ತೇಪೆ

"ಎಲ್ಲಾ ಸರಿಯಾಗಿದೆ ಸರ್, ಈ ತೇಪೆ ಒಂದು ಬಿಟ್ಟು," ಎಂದರು ತೀರ್ಪುಗಾರರು.

ವೃತ್ತಿಯಲ್ಲಿ ಅವರು ಹಲ್ಲಿನ ಡಾಕ್ಟರು. ಮಾದರಿ ವಿಮಾನಗಳ ಪ್ರದರ್ಶನದಲ್ಲಿ ಸ್ಪರ್ಧಿಯ ಹೆಸರಿಲ್ಲದೆ ಬರೀ ಸಂಖ್ಯೆ ಅಂಟಿಸಿದ್ದ ಪ್ರತಿ ಮೇಜಿನ ಮುಂದೆಯೂ ಬಗ್ಗಿ, ರೋಗಿಯ ಬಾಯೊಳಗೆ ಹಿಡಿಯುವ ಪುಟ್ಟ ಕನ್ನಡಿಯನ್ನು ವಿಮಾನದ ಹೊಟ್ಟೆಯಡಿ ತೂರಿಸಿ ನೋಡುತ್ತ ಬಂದಿದ್ದರು. ಈ ಯುದ್ಧವಿಮಾನದ ಎದುರು ಮಾತ್ರ ಕಾಲು ಗಂಟೆ ನಿಂತುಬಿಟ್ಟಿದ್ದರು. ಗೇಣುದ್ದದ ವಿಮಾನ. ಹೊಗೆ ಹಿಡಿದ ಬಾಲ, ಸವೆದ ಟೈರು, ಬಿಸಿಲಿಗೆ ಮಾಸಿದ ಬಣ್ಣ, ಒಂದೂ ಬಿಟ್ಟುಹೋಗಿರಲಿಲ್ಲ. ಎಡರೆಕ್ಕೆಯ ಬುಡದಲ್ಲಿ ಅರ್ಧ ಅಕ್ಕಿಕಾಳಿನಷ್ಟು ತಗಡಿನ ತೇಪೆ. ಅದರ ಅಂಚಿಗೆ ಸೂಜಿಮೊನೆಯಲ್ಲಿ ಮೂಡಿಸಿದ ಹದಿನೆಂಟು ರಿವೆಟ್ಟು ಮೊಳೆಗಳು.

ಅದನ್ನು ಕಟ್ಟಿದವರು ವಾಯುಪಡೆಯ ಒಬ್ಬ ನಿವೃತ್ತ ಮೆಕ್ಯಾನಿಕ್. ಪಕ್ಕದಲ್ಲಿ ನಿಂತಿದ್ದಾಕೆ ಅಸಲಿ ವಿಮಾನದ ಜೊತೆ ಸುಟ್ಟುಹೋದ ಪೈಲಟ್‌ನ ಹೆಂಡತಿ. ಒಂದು ಕಾಲಕ್ಕೆ ಆಕೆಯ ಮನೆಯ ಕುಕ್ಕರಿನಿಂದ ಫ್ಯಾನಿನವರೆಗೆ ರಿಪೇರಿ ಮಾಡಿಕೊಡುತ್ತಿದ್ದ ಮೆಕ್ಯಾನಿಕ್, ವಿಮಾನ ಬಿದ್ದ ಮೇಲೆ ಇಪ್ಪತ್ತೆಂಟು ವರ್ಷ ಅತ್ತ ತಲೆ ಹಾಕಿರಲಿಲ್ಲ. ಹೋದ ವಾರ ತಾವಾಗಿಯೇ ಫೋನ್ ಮಾಡಿ, "ಒಂದ್ಸಲ ಬಂದು ನೋಡಮ್ಮ, ಒಂದು ಮಾತು ಹೇಳೋದಿದೆ" ಎಂದು ಕರೆದಿದ್ದರು. ಆಕೆ ಬಂದು ಅರ್ಧ ಗಂಟೆಯಾಗಿತ್ತು. ಮೆಕ್ಯಾನಿಕ್ ಆ ಮಾತನ್ನು ಇನ್ನೂ ಆಡಿರಲಿಲ್ಲ.

"ತೇಪೆ ಇತ್ತು ಡಾಕ್ಟ್ರೇ. ನಾನೇ ಹಾಕಿದ್ದು," ಎಂದರು ಮೆಕ್ಯಾನಿಕ್.

ಡಾಕ್ಟರು ನಕ್ಕರು. "ವಯಸ್ಸಾದ ಹಾಗೆ ಜ್ಞಾಪಕ ಕೈ ಕೊಡುತ್ತೆ ಸರ್, ನನಗೂ ಹಾಗೇ." ಜೇಬಿನಿಂದ ಫೋನ್ ತೆಗೆದು ಹುಡುಕಿದರು. "ಹಳೇ ತನಿಖಾ ವರದಿಗಳನ್ನ ಈಗ ಯಾರು ಕೇಳಿದ್ರೂ ಕೊಡ್ತಾರೆ. ಇದೇ ನಂಬರಿನ ವಿಮಾನ, ಕೇಳಿ: 'ರೆಕ್ಕೆಯಲ್ಲಿ ಬಿರುಕಾಗಲಿ, ದುರಸ್ತಿಯಾಗಲಿ ಇರಲಿಲ್ಲ. ಅಪಘಾತಕ್ಕೆ ಪೈಲಟ್‌ನ ಅಜಾಗರೂಕತೆಯೇ ಕಾರಣ.' ಕೆಳಗೆ ವಿಮಾನ ನೋಡ್ಕೋತಿದ್ದ ಮೆಕ್ಯಾನಿಕ್ ಸಹಿ ಬೇರೆ ಇದೆ. ಆತ ಯಾಕೆ ಸುಳ್ಳು ಹೇಳ್ತಾನೆ?"

ಆಕೆ ಕೈ ಚಾಚಿ ಫೋನ್ ಇಸಿದುಕೊಂಡರು. ಕನ್ನಡಕ ಹಾಕಿಕೊಂಡು ಸಹಿಯ ಕೆಳಗಿನ ಹೆಸರನ್ನು ಓದಿದರು. ಇನ್ನೊಮ್ಮೆ ಓದಿದರು.

"ಅಣ್ಣ, ಇದು ನೀವಲ್ವಾ?"

ಮೆಕ್ಯಾನಿಕ್ ಮೇಜಿನ ಅಂಚು ಹಿಡಿದುಕೊಂಡರು. "ಬಿರುಕು ಕಣ್ಣಿಗೆ ಹೊಡೆಯೋ ಹಾಗಿತ್ತಮ್ಮ. ಹಾರಿಸಬೇಡಿ ಅಂದೆ. ತೇಪೆ ಹಾಕಿ ಕಳಿಸು, ಬಾಯ್ಮುಚ್ಕೊಂಡಿರು ಅಂದ್ರು ಮೇಲಿನವರು. ವಿಮಾನ ಹಾರಿಸೋ ಸಾಹೇಬ್ರಿಗೆ ಹೇಳೋ ಧೈರ್ಯ ನನಗಾಗಲಿಲ್ಲ. ಬಿದ್ದ ಮೇಲೆ ಈ ಕಾಗದ ತಂದು ಮುಂದಿಟ್ರು. ಎರಡು ಹೆಣ್ಣುಮಕ್ಕಳಿದ್ವು, ಕೆಲಸ ಹೋದ್ರೆ..."

"ನನಗೂ ಒಬ್ಬ ಮಗ ಇದ್ದಾನಲ್ಲ ಅಣ್ಣ." ಆಕೆಯ ದನಿ ಏರಲಿಲ್ಲ. "ಸ್ಕೂಲಲ್ಲಿ ಹುಡುಗರು, ನಿಮ್ಮಪ್ಪನಿಗೆ ವಿಮಾನ ಓಡಿಸೋಕೆ ಬರ್ತಿರ್ಲಿಲ್ಲ ಅಂತ ಆಡ್ಕೋತಿದ್ರು. ಮನೆಗೆ ಬಂದು, ನಿಜಾನಾ ಅಮ್ಮ ಅಂತ ಕೇಳ್ತಿದ್ದ. ನಿಜ ಅಂತಿದ್ದೆ. ನಮಗೆ ಕಳಿಸಿದ ಕಾಗದದಲ್ಲಿ ಹಾಗೇ ಇತ್ತು."

ಡಾಕ್ಟರು ಒಮ್ಮೆ ಅವರನ್ನು, ಒಮ್ಮೆ ಇವರನ್ನು ನೋಡಿದರು. ಅಂಕಪಟ್ಟಿಯ ಮೇಲೆ ಪೆನ್ನು ನಿಂತೇ ಇತ್ತು.

"ನನಗೆ ಗೊತ್ತಿರ್ಲಿಲ್ಲಮ್ಮ, ಕ್ಷಮಿಸಿ," ಎಂದು ತೊದಲಿದರು. "ಆದ್ರೆ ನಿಯಮ ಅಂತ ಒಂದಿದೆ... ದಾಖಲೆಯಲ್ಲಿ ಇಲ್ಲದ್ದು ಮಾಡಿದ್ರೆ ತಪ್ಪು ಅಂತ ಅಂಕ ಕಳೀಲೇಬೇಕು."

"ತಪ್ಪಿಗೆ ಎಷ್ಟು ಕಳೀತೀರಿ?" ಆಕೆ ಕೇಳಿದರು.

"ಎರಡು."

ಆಕೆ ಫೋನನ್ನು ಹಿಂದಿರುಗಿಸಿದರು. ಕನ್ನಡಕ ತೆಗೆದು ಮಡಚಿ, ಮೆಕ್ಯಾನಿಕ್ ಮುಖವನ್ನೇ ನೋಡುತ್ತ ಕೇಳಿದರು:

"ಅಷ್ಟೇನಾ?"