ನಾಲ್ಕನೆಯ ನುಡಿ

“ಸರ್, ನಾಲ್ಕನೇ ನುಡಿಯ ಎರಡನೇ ಸಾಲು ಹಂಗಿಲ್ಲಂತ್ರಿ. ನಮ್ಮ ಆಯಿ ಹೇಳ್ಯಾಳು.”

ಬಸವನ ಬಾಗೇವಾಡಿಯ ನಿವೃತ್ತ ಕನ್ನಡ ಪಂಡಿತ ಖಂಡೆಪ್ಪ ಮಾಸ್ತರರು ಕಂಪ್ಯೂಟರಿನ ಪರದೆಯ ಮೇಲಿನ ಆ ಎರಡು ವಾಕ್ಯಗಳನ್ನು ಮೂರು ಬಾರಿ ಓದಿದರು. ಬರೆದವಳು ಕನ್ನೊಳ್ಳಿಯ ಯಶೋಧಾ ಎಂಬ ಕಾಲೇಜು ವಿದ್ಯಾರ್ಥಿನಿ. ಹೇಳಿದವಳು ಅವಳ ಅಜ್ಜಿ, ಭಜನೆಯಲ್ಲಿ ತತ್ವಪದ ಹಾಡುವ ಯಲ್ಲವ್ವ. ಕೆಳಗೆ ಮೊಬೈಲ್ ಸಂಖ್ಯೆಯೂ ಇತ್ತು.

ಆ ನುಡಿಯ ತತ್ವಪದವಿದ್ದ ಮನೆತನದ ತಾಳೆಗರಿ ಗ್ರಂಥವನ್ನು ಮಾಸ್ತರರು ಎರಡು ಸಾವಿರದ ಇಸವಿಯಲ್ಲಿಯೇ ಅಂತರ್ಜಾಲಕ್ಕೆ ಏರಿಸಿದ್ದರು. ಅಂದಿನ ಪುಟವು ಗಾಜಿನ ಪೆಟ್ಟಿಗೆಯೊಳಗಿಟ್ಟ ಗ್ರಂಥದಂತಿತ್ತು; ಕಂಡವರು ಓದಬಹುದಿತ್ತು, ಮರಳಿ ಒಂದಕ್ಷರವನ್ನೂ ಹೇಳುವಂತಿರಲಿಲ್ಲ. ಎಂಟು ವರ್ಷಗಳ ತರುವಾಯ ಸೊಸೆ ದಾನೇಶ್ವರಿ ಅದನ್ನು ಬ್ಲಾಗಿಗೆ ತಂದು, ಅಡಿಯಲ್ಲಿ ಓದುಗರು ಬರೆಯಲು ಸ್ಥಳವಿಟ್ಟಳು. ಯಾರೋ ಅದರ ಕೊಂಡಿಯನ್ನು ಆರ್ಕುಟ್ ಗುಂಪಿನಲ್ಲಿ ಹಂಚಿದರು. ವಾರದೊಳಗೆ ಅದು ಕನ್ನೊಳ್ಳಿಯನ್ನು ತಲುಪಿತ್ತು.

“ಹಾಡಾವರು ತಮಗ ತಿಳಿದಂಗ ಹಾಡ್ತಾರ, ಮಾವಾರ,” ಎಂದಳು ಸೊಸೆ. “ಬ್ಯಾಡಂದ್ರ ಇದನ್ನ ಅಳಿಸಿಬಿಡ್ತೇನಿ. ಒಂದು ಗುಂಡಿ ಒತ್ತಿದ್ರ ಹೋತು.”

ಸೊಸೆಗೂ ತಿಳಿಯದ ಸಂಗತಿಯೊಂದು ಮಾಸ್ತರರೊಳಗಿತ್ತು. ನಾಲ್ಕನೆಯ ನುಡಿಯಲ್ಲಿ, ಎಂದರೆ ನಾಲ್ಕನೆಯ ಪದ್ಯದಲ್ಲಿ, ‘ಬೀಸುವ ಕಲ್ಲಿಗೆ ಒಂದು ಕೈ ಸಾಲದು’ ಎಂಬ ಮೊದಲ ಸಾಲಿನ ಮುಂದೆ ಗರಿಯನ್ನು ಹುಳು ತಿಂದಿತ್ತು. ‘ಪರಶಿವನ ಕೃಪೆಯೊಂದೆ ಪರಮಸಾಧನವು’ ಎಂಬ ಸಾಲನ್ನು ಅವರೇ ಕಟ್ಟಿ ಸೇರಿಸಿದ್ದರು. ಸೇರಿಸಿದ್ದೆಂದು ಎಲ್ಲಿಯೂ ಹೇಳಿರಲಿಲ್ಲ. ಆ ತೂತಿನಲ್ಲಿ ಹದಿಮೂರು ಅಕ್ಷರಗಳಿಗಷ್ಟೇ ಎಡೆಯಿತ್ತು, ತಮ್ಮವು ಹದಿನಾರು ಎಂಬುದೂ ಅವರಿಗೆ ಗೊತ್ತಿತ್ತು. ಆದರೆ ಇಬ್ಬರು ವಿದ್ವಾಂಸರು ಅದೇ ಸಾಲನ್ನು ಮೆಚ್ಚಿ ತಮ್ಮ ಲೇಖನಗಳಲ್ಲಿ ಉದ್ಧರಿಸಿಯಾಗಿತ್ತು.

ಅವರು ಎದ್ದು ಗ್ರಂಥದ ಕೆಂಪು ವಸ್ತ್ರವನ್ನು ಬಿಚ್ಚಿ, ಕೊನೆಯ ಗರಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅಲ್ಲಿ ಲಿಪಿಕಾರನು ತನ್ನ ಹೆಸರನ್ನೂ ಬರೆಯದೆ, ತಪ್ಪು ಕಂಡಲ್ಲಿ ಬಲ್ಲವರು ತಿದ್ದಿ ಓದಬೇಕೆಂದು ಕೈಮುಗಿದು ಬೇಡಿಕೊಂಡಿದ್ದನು. ಇಡೀ ಗ್ರಂಥದಲ್ಲಿ ಆ ಬಿನ್ನಹವೊಂದನ್ನೇ ಮಾಸ್ತರರು ಅಂತರ್ಜಾಲಕ್ಕೆ ಏರಿಸಿರಲಿಲ್ಲ.

“ಆ ನಂಬರಿಗೆ ಫೋನ್ ಹಚ್ಚವ್ವಾ,” ಎಂದರು.

ದಾನೇಶ್ವರಿ ಸ್ಪೀಕರ್ ಹಾಕಿದಳು; ಯಶೋಧಾ ಫೋನನ್ನು ಅಜ್ಜಿಗೆ ಕೊಟ್ಟಳು. ತಾನು ಸಾಲಿ ಕಲಿತವಳಲ್ಲವೆಂದೂ, ತನ್ನ ತಾಯಿ ಜೋಳ ಬೀಸುವಾಗ ಹಾಡುತ್ತಿದ್ದುದನ್ನು ಕೇಳಿ ಬಲ್ಲೆನೆಂದೂ ಹೇಳಿ, ಯಲ್ಲವ್ವ ಅಂಜದೆ ಅಳುಕದೆ ದನಿಯೆತ್ತಿದಳು:

‘ಬೀಸುವ ಕಲ್ಲಿಗೆ ಒಂದು ಕೈ ಸಾಲದು,
ಎದುರಿಗೆ ಕುಂತಾಕಿ ಕೈ ಕೂಡಿಸಬೇಕು.’

ಮಾಸ್ತರರು ಕಣ್ಣು ಮುಚ್ಚಿ, ಬೆರಳು ಮಡಿಸುತ್ತ ಅಕ್ಷರಗಳನ್ನು ಎಣಿಸಿದರು. ಹದಿಮೂರು.

“ದಾನೇಶ್ವರಿ, ನನ್ನ ಸಾಲು ತಗಿ. ಅದು ನಾ ಕಟ್ಟಿದ್ದಂತ ಬರಿ. ತಿದ್ದಿದವರು ಕನ್ನೊಳ್ಳಿ ಯಲ್ಲವ್ವ ಅಂತ ಹಾಕು.”

“ಮಂದಿ ಆಡಕೋತಾರ್ರಿ, ಮಾವಾರ.”

“ಆಡಕೊಳ್ಳಲಿ. ಎಂಟು ವರ್ಷ ಯಾರೂ ಏನೂ ಅನ್ನಲಿಲ್ಲಲಾ, ಅದಽ ದೊಡ್ಡ ತ್ರಾಸಾಗಿತ್ತು ನನಗ.”

ಫೋನಿನಲ್ಲಿ ಯಲ್ಲವ್ವ ಇನ್ನೂ ಇದ್ದಳು. “ಮಾಸ್ತರ, ನಿಮ್ಮ ಗರಿಯೊಳಗ ಐದಽ ನುಡಿ ಅದಾವಂತ ನಮ್ಮ ಹುಡುಗಿ ಹೇಳಿದ್ಲು. ಈ ಪದಕ್ಕ ಹನ್ನೊಂದು ಅದಾವ್ರಿ. ಬರ್ಕೋತೀರೇನು?”

ಮೂವತ್ತು ವರ್ಷ ಕುರ್ಚಿಯಲ್ಲಿ ಕುಳಿತು ಪಾಠ ಹೇಳಿದ ಮಾಸ್ತರರು ಫೋನನ್ನು ಕುರ್ಚಿಯ ಮೇಲಿಟ್ಟು, ಹಾಳೆ ಪೆನ್ನು ಹಿಡಿದು ಅದರೆದುರು ನೆಲದ ಮೇಲೆ ಕುಳಿತರು.