ಹಣೆಯ ಗುರುತು

"ಇವು ಎರಡೂ ಒಂದ ಜಾತಿ ಅಲ್ಲ," ಎಂದಳು ಕಸ್ತೂರಿಬಾಯಿ, ಕಿಟಕಿಯ ಗ್ರಿಲ್ಲಿಗೆ ಮುಖ ಹಚ್ಚಿ.

ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದ ಮಹಾದೇವಿ ಗ್ಯಾಸ್ ಆರಿಸಿ ಓಡಿಬಂದಳು. ಅತ್ತೆಯ ಕಣ್ಣಿನ ಪಟ್ಟಿ ಬಿಚ್ಚಿ ನಾಲ್ಕು ದಿನವಾಗಿತ್ತು. ಏನು ಕೇಳಿದರೂ "ಕಾಣ್ತದ ಬಿಡು" ಎಂಬುದೊಂದೇ ಉತ್ತರ. ಸೊಸೆಗೆ ಬೇಸರವಾಗದಿರಲೆಂದು ಹಾಗೆ ಹೇಳುತ್ತಿದ್ದಾಳೋ ಏನೋ ಎಂಬ ಅಳುಕು ಮಹಾದೇವಿಯನ್ನು ಬಿಟ್ಟಿರಲಿಲ್ಲ. "ಈ ವಯಸ್ಸಿನ್ಯಾಗ ಅವ್ವನ ಕಣ್ಣಿಗೆ ಕೈ ಹಚ್ಚೂದು ಬ್ಯಾಡ" ಎಂದು ಗಂಡ ಎಷ್ಟು ಹೇಳಿದರೂ ಕೇಳದೆ ಪೊರೆಯ ಆಪರೇಶನ್ ಮಾಡಿಸಿದವಳು ಅವಳೇ.

ಕಿಟಕಿಯಾಚೆ ಮಳೆಮರದ ಒಣಕೊಂಬೆಯಲ್ಲಿ ಎರಡು ಮರಕುಟಿಗಗಳು ಕೂತಿದ್ದವು. ಅಂಧೇರಿಯ ಈ ಬಿಲ್ಡಿಂಗಿಗೆ ಬಂದಾಗಿನಿಂದ ಅವುಗಳ ಟಕಟಕ ಕೇಳುತ್ತಲೇ ಇದ್ದಳು ಮಹಾದೇವಿ. ಎರಡಕ್ಕೂ ಹೊನ್ನಿನ ಬೆನ್ನು, ನೆಟ್ಟಗಿನ ಜುಟ್ಟು. ಜೋಡಿ ಎಂದುಕೊಂಡಿದ್ದಳು.

"ಅಜ್ಜಿ, ಒಂದು ಮೇಲ್, ಒಂದು ಫೀಮೇಲ್. ಬಸ್, ಇಷ್ಟೇ," ಎಂದಳು ಮಗಳು ಹರಿಣಿ, ಮೊಬೈಲಿನಿಂದ ತಲೆ ಎತ್ತದೆ.

"ಗಂಡ ಹೆಂಡ್ತಿ ಆಗಿದ್ರ ಇಷ್ಟೊತ್ತು ಒಬ್ಬರಿಗೊಬ್ಬರು ಬೆನ್ನು ತಿರುವಿ ಕುಂಡರ್ತಿದ್ದವೇನು?"

"ಯಾಕ, ನಿಮ್ಮ ಮಗ ಕುಂಡ್ರೂದಿಲ್ಲೇನ್ರಿ?" ಎಂದಳು ಮಹಾದೇವಿ.

ಮುದುಕಿ ಕಿಸಕ್ಕನೆ ನಕ್ಕಳು. ಕಣ್ಣು ಮಾತ್ರ ಕೊಂಬೆ ಬಿಟ್ಟು ಕದಲಲಿಲ್ಲ. "ಸರಿಯಾಗಿ ನೋಡು. ಅದಕ್ಕ ಹಣಿಯಿಂದ ಜುಟ್ಟಿನತನಾ ಅರಿಷಿಣ ಬಳದಂಗ ಅದ. ಹೆಡಕಿನ ಮ್ಯಾಲೆ ಹಾಲು ಸುರದಂಗ ಬೆಳ್ಳಗ. ಇದರ ಹೆಡಕು ಕರ್ರಗ, ಜುಟ್ಟಿನ ಹಿಂದ ಅಷ್ಟ ಕೆಂಪು. ಹಣಿ ನೋಡು, ಕರೀ ಹಣಿ ಮ್ಯಾಲೆ ಸಣ್ಣ ಸಣ್ಣ ಬಿಳೀ ಚುಕ್ಕಿ, ರಂಗೋಲಿ ಉದುರಿಸಿದಂಗ."

ಹರಿಣಿ ಮೊಬೈಲಿನಲ್ಲಿ ಹುಡುಕಿದಳು. ಚಿತ್ರ ನೋಡಿದಳು, ಕೊಂಬೆ ನೋಡಿದಳು, ಮತ್ತೆ ಚಿತ್ರ ನೋಡಿದಳು. "ಮಮ್ಮಿ, ಅಜ್ಜಿ ಸಹೀ ಹೈ! ಎರಡೂ ಫೀಮೇಲ್. ಅಲಗ್ ಅಲಗ್ ಜಾತಿ. ಚುಕ್ಕಿ ಇರೋದು ಒಂದು, ಬಿಳಿ ಕುತ್ತಿಗೆದು ಇನ್ನೊಂದು."

"ಹಂಗಾದ್ರ ನೆಗೆಣ್ಣೇರು ಅನ್ನು, ಅಣ್ಣತಮ್ಮರ ಹೆಂಡ್ರು. ಅದಕ್ಕ ಮಾತಿಲ್ಲ ಕತಿಯಿಲ್ಲ," ಎಂದಳು ಕಸ್ತೂರಿಬಾಯಿ.

ಮಹಾದೇವಿಯ ಎದೆಯ ಭಾರ ಇಳಿದು ಕಣ್ಣು ತುಂಬಿ ಬಂತು. ತಾನು ಇಷ್ಟು ವರ್ಷ ನೋಡಿಯೂ ಕಾಣದ್ದನ್ನು ಈ ಮುದುಕಿ ನಾಲ್ಕೇ ದಿನದಲ್ಲಿ ಕಂಡುಬಿಟ್ಟಿದ್ದಳು. ಕಾಣುವುದೆಂದರೆ ಕಣ್ಣೊಂದೇ ಅಲ್ಲವೇನೋ ಎಂದುಕೊಳ್ಳುತ್ತ ಅತ್ತೆಯನ್ನೇ ನೋಡುತ್ತ ನಿಂತಳು.

ಅಷ್ಟರಲ್ಲಿ ಕಸ್ತೂರಿಬಾಯಿ ಕಿಟಕಿ ಬಿಟ್ಟು ಅವಳತ್ತ ತಿರುಗಿದಳು. ಹಕ್ಕಿಯನ್ನು ನೋಡಿದ ಅದೇ ನಿಧಾನದಲ್ಲಿ ಸೊಸೆಯ ಮುಖ ನೋಡಿದಳು. ಆಮೇಲೆ ಬೆರಳು ಚಾಚಿ ಹಣೆಯ ಮೇಲಿನ ಕೂದಲು ಸವರಿದಳು. ಕಣ್ಣಿಗೆ ಮಂಜು ಕವಿಯುವ ಮೊದಲು ಅವಳು ಕಂಡಿದ್ದ ಮಹಾದೇವಿಗೆ ಒಂದೇ ಒಂದು ನರೆಗೂದಲೂ ಇರಲಿಲ್ಲ.

"ನಿನಗೂ ಬಿಳೀ ಚುಕ್ಕಿ ಬಿದ್ದಾವಲ್ಲವ್ವಾ. ನನಗ ಯಾರೂ ಹೇಳಲೇ ಇಲ್ಲ."

"ಯಾರೂ ನೋಡಿಲ್ರಿ, ಅತ್ತಿ."

ಹರಿಣಿ ಮೊಬೈಲು ಕೆಳಗಿಟ್ಟಳು. ಮಹಾದೇವಿಯ ಕೈ ತಾನಾಗಿಯೇ ಸೆರಗಿನತ್ತ ಹೋಯಿತು. ಕಸ್ತೂರಿಬಾಯಿ ಆ ಕೈ ಹಿಡಿದು ನಿಲ್ಲಿಸಿದಳು.

"ಮುಚ್ಚಬ್ಯಾಡ. ಗುರ್ತು ಹಿಡಿಯೂದು ಅದರಿಂದನ."